ತರನ್ನುಮ್ ಹಾರಿದ್ದು

ಕೊಡಿಗೇಹಳ್ಳಿ
23 ಫೆಬ್ರವರಿ 2025

ಪ್ರೀತಿಯ ಶಶಿ,

ಹೇಗಿದ್ದೀಯೇ? ಹಾಸನದ ಚಳಿಗೆ ನಿನ್ನ ಮಂಡಿನೋವು ಜಾಸ್ತಿಯಾಗಿರಬೇಕು. ನಿನ್ನ ಎರಡೂ ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಬೈದುಕೊಂಡಿದ್ದರೆ ತಪ್ಪಿಲ್ಲ. ಪರೀಕ್ಷೆ ಹತ್ತಿರ ಬಂತು, ಎಂಟನೇ ಕ್ಲಾಸಿನವರಿಗೆ ಇನ್ನೂ ಸಮಾಸ ಮುಗಿದಿಲ್ಲ ಎಂದು ನೆಪ ಹೇಳಬಹುದು. ಆದರೆ ಕನ್ನಡ ಟೀಚರಿಗೆ ಒಂದು ಪತ್ರ ಬರೆಯಲು ಪುರುಸೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಿಜವೇನೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಯಲಹಂಕದ ಏರ್ ಶೋ ಮುಗಿದು ವಾರವಾದರೂ ಏನಾದರೂ ಗುಡುಗಿದರೆ ಸಾಕು, ಎದ್ದು ಹೊರಗೆ ಓಡುತ್ತೇನೆ. ಇಷ್ಟು ಬರೆಯುವುದರೊಳಗೇ ಒಮ್ಮೆ ಹೋಗಿ ಬಂದೆ. ನೀರಿನ ಟ್ಯಾಂಕರ್ ಅಷ್ಟೇ.

ತರನ್ನುಮ್ ಕೆಲಸದ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪ. ಹುಣಸಮಾರನಹಳ್ಳಿ ದಾಟಿದ ಮೇಲೆ ಒಂದು ಕಾರ್ಖಾನೆ, ಅಲ್ಲಿ ಪೈಲಟ್ ತರಬೇತಿಗೆಂದು ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಾರೆ, ನನ್ನ ಮಗಳು ಅಲ್ಲಿ ಇಂಜಿನಿಯರ್, ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುತ್ತಾಳೆ. ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತಿದ್ದೆ. ಜನವರಿಯಲ್ಲಿ ಕೆಲಸದವರ ಮನೆಯವರಿಗೆಲ್ಲ ಕಾರ್ಖಾನೆ ತೋರಿಸುವ ಒಂದು ದಿನ ಇಟ್ಟುಕೊಂಡಿದ್ದರು. "ಸುಮ್ನೆ ಬಂದ್ರೆ ನಿನಗೇನೂ ಗೊತ್ತಾಗಲ್ಲ ಅಮ್ಮಿ. ಮೊದ್ಲು ಸ್ವಲ್ಪ ಪಾಠ ಮಾಡ್ತೀನಿ" ಎಂದು ಅದಕ್ಕೂ ಮುಂಚೆ ಭಾನುವಾರಗಳಲ್ಲಿ ನನ್ನನ್ನು ಮ್ಯೂಸಿಯಂಗಳಿಗೆ ಕರೆದುಕೊಂಡು ಹೋದಳು.

ಮೊದಲು ಕಸ್ತೂರಬಾ ರಸ್ತೆಯದು. ರೈಟ್ ಸಹೋದರರ ವಿಮಾನದ ಮಾದರಿ ಅಲ್ಲಿದೆ. ಬರೀ ಕೋಲು, ಬಟ್ಟೆ, ತಂತಿ. ಅವರಲ್ಲೊಬ್ಬ ಬೋರಲು ಮಲಗಿಕೊಂಡು ಅದನ್ನು ಹಾರಿಸಿದನಂತೆ. ಆಮೇಲೆ ಹಳೇ ಏರ್‌ಪೋರ್ಟ್ ರಸ್ತೆಯ ಮ್ಯೂಸಿಯಂ. ಅಲ್ಲಿ ವಿಮಾನಗಳು ಅಂಗಳದಲ್ಲೇ ನಿಂತಿವೆ, ಮಕ್ಕಳು ಅವುಗಳ ನೆರಳಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದವು. ಒಂದು ಕಡೆ ದಪ್ಪ ಕಬ್ಬಿಣದ ಕುರ್ಚಿ ಕಂಡು, ಇದೇನು ಎಂದು ಕೇಳಿದೆ. ಅಪಾಯ ಬಂದರೆ ಪೈಲಟ್‌ನನ್ನು ಕುರ್ಚಿ ಸಮೇತ ಹೊರಗೆ ಎಸೆಯುತ್ತದೆ ಎಂದಳು.

"ನಿಮ್ಮ ವಿಮಾನದಲ್ಲೂ ಇದಿದ್ಯಾ?"

"ಇಲ್ಲ. ನಮ್ಮದ್ರಲ್ಲಿ ಬಾಗಿಲು ಕಿತ್ತಾಕಿ ನಾವೇ ಹಾರ್ಬೇಕು."

ಅವಳು ನಕ್ಕಳು ಅಂತ ನಾನೂ ನಕ್ಕೆ.

ಅಪ್ಪ ಅಮ್ಮ ಇಬ್ಬರನ್ನೂ ಕರೆದಿದ್ದರೂ ಕಾರ್ಖಾನೆಗೆ ನಜೀರ್ ಬರಲಿಲ್ಲ. ನಾಗಸಂದ್ರದ ಟೈರ್ ಅಂಗಡಿಗೆ ಅವತ್ತೇ ಮಾಲು ಬರುವುದಿತ್ತು. ನಾನೊಬ್ಬಳೇ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಶಶಿ, ನೀನು ನೋಡಬೇಕಿತ್ತು. ಆಸ್ಪತ್ರೆಯಷ್ಟು ಸ್ವಚ್ಛ. ರೆಕ್ಕೆಗಳನ್ನು ಇನ್ನೂ ಜೋಡಿಸಿರಲಿಲ್ಲ, ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದರು. ಹೊಟ್ಟೆ ತೆರೆದಿಟ್ಟ ಒಂದು ವಿಮಾನದೊಳಗೆ ಬಣ್ಣಬಣ್ಣದ ವೈರುಗಳು. ಒಬ್ಬ ಹುಡುಗಿ ಟಾರ್ಚ್ ಹಿಡಿದು ಒಂದೊಂದೇ ರಿವೆಟ್ ನೋಡುತ್ತಿದ್ದಳು. ನನ್ನ ಮಗಳು ನಡೆದಲ್ಲೆಲ್ಲ ಜನ ದಾರಿ ಬಿಟ್ಟು ಮಾತಾಡಿಸುತ್ತಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸೀರೆಯ ನೆರಿಗೆ ಸರಿ ಇದೆಯಾ ಎಂದು ಮತ್ತೆ ಮತ್ತೆ ನೋಡಿಕೊಂಡೆ.

ಕೊನೆಗೆ, ಪೂರ್ತಿ ಸಿದ್ಧವಾಗಿದ್ದ ಬಿಳಿ ವಿಮಾನದ ಹತ್ತಿರ ಪುನೀತ್ ಎಂಬ ಅವಳ ಜೊತೆಗಾರ ಸಿಕ್ಕ. "ಬನ್ನಿ ಆಂಟಿ, ನಿಮ್ಮ ಮಗಳ ಸೀಟು ನೋಡಿ" ಅಂದ.

"ಅವಳ ಸೀಟು ಅಂದ್ರೆ?"

"ಇದೇ ಆಂಟಿ, ಪೈಲಟ್ ಪಕ್ಕದ್ದು. ಈವರೆಗಿನ ಟೆಸ್ಟಲ್ಲೆಲ್ಲಾ ಇವರೇ ಕೂತಿದ್ದು. ಮುಂದಿನ ವಾರ ಸ್ಪಿನ್ ಟೆಸ್ಟ್ ಬೇರೆ ಇದೆ."

ಹಾಗೆಂದರೇನು ಎಂದು ಕೇಳಿದೆ. ಪಾಪ, ಅವನಿಗೇನು ಗೊತ್ತು. ಮೇಲಕ್ಕೆ ಹೋಗಿ, ಬೇಕಂತಲೇ ವಿಮಾನದ ಹಿಡಿತ ತಪ್ಪಿಸಿ, ಅದು ಬುಗುರಿಯ ಹಾಗೆ ಸುತ್ತುತ್ತಾ ಬೀಳುವಾಗ ಮತ್ತೆ ಸರಿಪಡಿಸಿ ಎತ್ತುವುದು ಎಂದು ಕೈಯಲ್ಲಿ ಸುತ್ತಿಸಿ ತೋರಿಸಿದ. ತರನ್ನುಮ್ ಅವನ ಕಡೆ ನೋಡಿದ ರೀತಿಗೆ ಅವನ ಕೈ ಗಾಳಿಯಲ್ಲೇ ನಿಂತಿತು. ಬಾಗಿಲು ಕಿತ್ತುಹಾಕಿ ಹಾರುವ ಮಾತು ಆಗ ನನಗೆ ಅರ್ಥವಾಯಿತು.

ವಾಪಸ್ ಬರುವಾಗ ಅವಳೇ ಕಾರು ಓಡಿಸುತ್ತಿದ್ದಳು. ಹುಣಸಮಾರನಹಳ್ಳಿ ಹತ್ತಿರ ಟ್ರಾಫಿಕ್ ಕಟ್ಟಿಕೊಂಡಿತ್ತು.

"ನೀನು ಹೋಗ್ಬೇಡ" ಎಂದೆ.

ಜಗಳ ಬಂದರೆ ಅವಳು ಮನೆಯ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ನನ್ನದೇ ಪಾಠದಿಂದ ನನ್ನನ್ನು ಸೋಲಿಸಲು. "ಲೆಕ್ಕ ಹಾಕಿದವಳು ನಾನು ಅಮ್ಮಿ. ಅದು ಬೀಳುವಾಗ ಹೇಗೆ ಎದ್ದೇಳುತ್ತೆ ಅಂತ ನಾನೇ ಬರ್ದಿದೀನಿ. ಈಗ ಬೇರೆಯವರನ್ನ ಕೂರ್ಸಿ ನಾನು ಕೆಳಗೆ ನಿಂತು ನೋಡ್ಲಾ? ಅವರಿಗೂ ಮನೇಲಿ ಅಮ್ಮ ಇರ್ತಾರಲ್ವಾ?"

ಅವರ ಅಮ್ಮಂದಿರ ಮಾತು ಬೇರೆ, ನಾನು ನಿನ್ನ ಅಮ್ಮ ಎಂದು ಹೇಳಬೇಕೆನ್ನಿಸಿತು. ಅಷ್ಟು ಸಣ್ಣ ಮಾತನ್ನು ಅವಳ ಮುಂದೆ ಆಡಲು ನಾಚಿಕೆಯಾಯಿತು.

ಮನೆಗೆ ಬಂದು ನಜೀರ್‌ಗೆ ಹೇಳಿದೆ. ಅವರು, "ಪ್ಯಾರಾಚೂಟ್ ಇರುತ್ತಂತಾ?" ಅಂದರು. ಇರುತ್ತೆ ಎಂದೆ. ಊಟಕ್ಕೆ ಕೂತಾಗ ಮತ್ತೆ ಅದನ್ನೇ ಕೇಳಿದರು. ಮರುದಿನ ಅಂಗಡಿಯಿಂದ ಫೋನ್ ಮಾಡಿಯೂ ಕೇಳಿದರು.

ಟೆಸ್ಟಿನ ದಿನ ನಾನು ಸ್ಕೂಲಿಗೆ ಹೋದೆ. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆಂದು. ಸ್ಕೂಲಿರುವ ಆರ್‌ಟಿ ನಗರದ ಮೇಲೆ ವಿಮಾನಗಳು ಹೋಗುವುದು ಹೊಸದೇ? ಅವತ್ತು ಒಂದೊಂದಕ್ಕೂ ನನ್ನ ಪಾಠ ನಿಂತುಹೋಗುತ್ತಿತ್ತು. "ಮಿಸ್, ಈ ಪ್ಯಾರಾ ಆಗ್ಲೇ ಮಾಡಿದ್ರಿ" ಎಂದು ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು. ಬೋರ್ಡಿನ ಕಡೆ ತಿರುಗಿ, ಬರೆಯಲು ಏನೂ ಇಲ್ಲದೆ ದಿನಾಂಕ ಬರೆದೆ. ಅದು ಮೊದಲೇ ಅಲ್ಲಿತ್ತು. ಬಿಡುವಿನಲ್ಲಿ ಮಹಡಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ತರನ್ನುಮ್ ಹಾರುತ್ತಿದ್ದದ್ದು ಈ ಆಕಾಶದಲ್ಲಿ ಅಲ್ಲ, ದೂರದಲ್ಲೆಲ್ಲೋ. ಅದು ಗೊತ್ತಿದ್ದೂ ಹತ್ತಿದೆ.

ಮಧ್ಯಾಹ್ನ ಮೆಸೇಜು ಬಂತು. "ಆಯ್ತು ಅಮ್ಮಿ. ಚೆನ್ನಾಗಾಯ್ತು. ತುಂಬಾ ಹಸಿವು." ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯ ಅನ್ನ ಹಾಗೇ ಇತ್ತು. ಕೂತು ಪೂರ್ತಿ ತಿಂದೆ, ಏನು ತಿಂದೆನೆಂದು ನೆನಪಿಲ್ಲ.

ಸಂಜೆ ಬಂದವಳ ಹೆಗಲ ಮೇಲೆ ಬೆಲ್ಟು ಒತ್ತಿ ನೀಲಿ ಬರೆ ಎದ್ದಿತ್ತು. ವಿಮಾನ ಅವಳು ಬರೆದ ಹಾಗೆಯೇ ಎದ್ದಿತಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ಶಶಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನವೂ ಹಾಗಿರಲಿಲ್ಲ. ಮುಂದೆ ಇನ್ನೂ ಇಂಥವೇ ಟೆಸ್ಟುಗಳಿವೆ. ಹೋಗಬೇಡ ಎಂದು ನಾನು ಇನ್ನು ಹೇಳುವುದಿಲ್ಲ. ಆದರೆ ಹೇಳದೆ ಇರುವುದಕ್ಕೆ ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಮುಂದಿನ ವಾರ ರಂಜಾನ್ ಶುರು. ದುವಾದಲ್ಲಿ ನಿನ್ನ ಮಂಡಿಗೂ ಒಂದು ಪಾಲು ಇದೆ. ನಿನ್ನ ಮನೆ ತಣ್ಣಗಿರಲಿ, ನಿನ್ನವರೆಲ್ಲ ಹೊರಟ ಕಡೆಯಿಂದ ಸುಖವಾಗಿ ಮನೆ ಸೇರುತ್ತಿರಲಿ.

ನಿನ್ನ,
ಶಹರ್ಬಾನು

ಮರೆತಿದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ: ಅವತ್ತು ಅವಳ ಹೆಗಲಿಗೆ ಮುಲಾಮು ಹಚ್ಚುತ್ತಾ, "ಇಷ್ಟು ದಿನ ಯಾರಿಗೂ ಹೇಳ್ದೆ ಹೇಗಿದ್ಯೇ?" ಎಂದು ಕೇಳಿದೆ. "ಶಶಿ ಆಂಟಿಗೆ ಹೇಳಿದ್ದೆ. ದೀಪಾವಳಿಗೆ ಅವರ ಮನೆಗೆ ಹೋಗಿದ್ದೆನಲ್ಲ, ಆಗ. ಅವರ ಮುಂದೆ ಅತ್ತುಬಿಟ್ಟೆ" ಎಂದಳು. ಯಾರಿಗೂ ಹೇಳಬಾರದೆಂದು ನಿನ್ನಿಂದ ಮಾತು ತೆಗೆದುಕೊಂಡಿದ್ದಳಂತೆ. ನೀನು ಮಾತು ಉಳಿಸಿಕೊಂಡೆ, ಸರಿ. ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅದು ಇಳಿಯುತ್ತದೆ. ಅವಳು ನನ್ನ ಮುಂದೆ ಅಳುವುದನ್ನು ಯಾವಾಗ ಬಿಟ್ಟಳೋ ನನಗೆ ತಿಳಿಯಲೇ ಇಲ್ಲ, ಇಳಿಯದೆ ಇರುವುದು ಅದು. ನಿನ್ನ ಮುಂದೆ ಅತ್ತ ದಿನ ಅವಳು ಹೆದರಿದ್ದು ಯಾವುದಕ್ಕೆ ಶಶಿ, ಬೀಳುವುದಕ್ಕಾ, ನನಗಾ? ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಇದೊಂದನ್ನು ಬರಿ.