ಎಣಿಸದ ಗೂಡುಗಳು

ಫೆಬ್ರವರಿ 6
ಕೊಕ್ಕರೆ ಬೆಳ್ಳೂರಿನಿಂದ ಏಳೂವರೆ ಬಸ್ಸು. ಮಂಡ್ಯದವರೆಗೂ ನಿಂತೇ ಬಂದೆ. ಕಾಲೇಜಿನ ನೋಟೀಸ್ ಬೋರ್ಡಲ್ಲಿ ರಿಸರ್ಚ್ ಫೆಲೋಶಿಪ್ ರಿಸಲ್ಟು. ಬಿಎಸ್ಸಿಯವರಿಗೆ ಇರುವುದೇ ಒಂದು ಸೀಟು. ಅದು ನನ್ನ ಗೆಳತಿ ಮೇಧಾಗೆ. ವಿಷಯ: ಕೊಕ್ಕರೆ ಬೆಳ್ಳೂರಿನ ಕೊಕ್ಕರೆ ಗೂಡುಗಳು.

ನಮ್ಮೂರು! ನಮ್ಮ ಹಿತ್ತಿಲ ಹುಣಸೆಮರ! ಊಟದ ಡಬ್ಬಿ ಬಿಚ್ಚುತ್ತಾ ನಾನೇ ಅವಳಿಗೆ ಹೇಳಿದ ಕಥೆಗಳು. ನಾನು ಮಾತ್ರ ಕ್ಯಾನ್ಸರ್ ಕೋಶ ಅಂತ ಏನೇನೋ ಗೀಚಿದ್ದೆ. ಮನೆ ಹಿಂದಿನ ಕೊಕ್ಕರೆಯೂ ಒಂದು ರಿಸರ್ಚಾ ಅಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ... ಅನುಭವಿಸು.

"ಕಂಗ್ರಾಟ್ಸ್ ಕಣೇ" ಅಂದೆ. ಹೊಟ್ಟೆ ಧಗಧಗ ಉರಿಯುತ್ತಿತ್ತು.

ಫೆಬ್ರವರಿ 21
ಮೇಧಾ ನಮ್ಮನೆಗೇ ಬಂದು ಇಳಿದಿದ್ದಾಳೆ. ಕೊರಳಲ್ಲಿ ಫೆಲೋಶಿಪ್ಪಿನ ಹೊಸ ಬೈನಾಕ್ಯುಲರ್. ಬೆಳಗ್ಗೆ ತಾರಸಿ ಹತ್ತಿ ಗೂಡು ಎಣಿಸಿದಳು. ಅರವತ್ತೆರಡು. ಅಜ್ಜಿಗೆ ಸಿಟ್ಟು. ನಮ್ಮೂರಲ್ಲಿ ಕೊಕ್ಕರೆ ಅಂದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು.

"ಬಾಣಂತೀರ್ನ ಯಾರಾರಾ ಎಣಿಸ್ತಾರಾ ಕಣವ್ವ? ದೃಷ್ಟಿ ಆಯ್ತದೆ, ಬುಡು."

ಬೈದದ್ದೇನೋ ಸರಿ. ಊಟಕ್ಕೆ ಕೂತಾಗ ಅವಳ ತಟ್ಟೆಗೇ ಇನ್ನೊಂದು ಮುದ್ದೆ, ಮೇಲೆ ತುಪ್ಪ. ನನ್ನನ್ನು ಕೇಳಲೇ ಇಲ್ಲ.

ಮಾರ್ಚ್ 3
ಮೇಧಾಗೆ ಚಿಕನ್ ಪಾಕ್ಸ್. ಮಂಡ್ಯಕ್ಕೆ ಹೋದಳು. ಅಲ್ಲಿಂದ ಫೋನು. "ಎರಡು ವಾರ ನೀನೇ ಎಣಿಸು ವೀಣಾ, ಪ್ಲೀಸ್ ಕಣೇ. ನಿನ್ನ ಬಿಟ್ರೆ ನಂಗ್ಯಾರಿದ್ದಾರೆ?"

ನಾನೇನು ಅವಳ ಆಳಾ?

ಮಾರ್ಚ್ 17
ತಾರಸಿ ಹತ್ತಲಿಲ್ಲ, ಒಂದು ದಿನವೂ. ಒಲೆ ಮುಂದೆ ಕೂತು ಬರೆದೆ. ಐವತ್ತೈದು. ನಲವತ್ತೊಂದು. ಮೂವತ್ತು. ಹದಿನೆಂಟು. ಹಿತ್ತಿಲಲ್ಲಿ ಮರಿಗಳ ಗಲಾಟೆ ಕಿವಿಗೆ ಬೀಳುತ್ತಲೇ ಇತ್ತು. ಹಾಳಾಗಲಿ ಅವಳ ಪ್ರಾಜೆಕ್ಟು! ವಾಟ್ಸಾಪ್ ಮಾಡಿದೆ. ಸುಳ್ಳೇಕೆ — ಹಾಯೆನಿಸಿತು.

ಏಪ್ರಿಲ್ 28
ಮೇಧಾಗೆ ಸುಸ್ತು, ಮತ್ತೆ ಊರಿಗೆ ಬರಲೇ ಇಲ್ಲ. ಬೇರೆ ಯಾರೂ ಬಂದು ನೋಡಲಿಲ್ಲ. ಗೂಡು ಕಡಿಮೆಯಾದದ್ದೇ ದೊಡ್ಡ ವಿಷಯವಂತೆ, ಅವಳ ಗೈಡ್ ಸರ್ ಕುಣಿದಾಡುತ್ತಿದ್ದಾರಂತೆ. ರಿಪೋರ್ಟ್ ಅಚ್ಚಿಗೆ ಹೋಗಿದೆ. ಮೇಧಾಳೇ ಫೋನಲ್ಲಿ ಹೇಳಿದಳು.

"ಎಣಿಸಿದ್ದು ನೀನು. ಹಟ ಮಾಡಿ ನಿನ್ನ ಹೆಸರೇ ಮೊದಲು ಹಾಕಿಸ್ದೆ. ಮುಂದಿನ ವರ್ಷದ ಫೆಲೋಶಿಪ್ ನಿಂಗೇ ಅಂದ್ರು ಸರ್."

ಥೂ. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡೋಕೂ ಬಿಡೋದಿಲ್ಲ ಈ ಹುಡುಗಿ.

ಮೇ 9, ಸಂಜೆ
ರಿಪೋರ್ಟ್ ಪೋಸ್ಟಲ್ಲಿ ಬಂತು. ಅಜ್ಜಿ ಪಕ್ಕದ ಮನೆ ಬೆಟ್ಟಮ್ಮನನ್ನು ಎಳೆದುಕೊಂಡು ಬಂದು ಜಗಲಿ ಮೇಲೆ ಕೂರಿಸಿತು. ಅಜ್ಜಿಯ ಮಡಿಲಲ್ಲಿ ಮರದಿಂದ ಬಿದ್ದ ಕೊಕ್ಕರೆ ಮರಿ. ಅದಕ್ಕೆ ಮೀನಿನ ಚೂರು ತಿನ್ನಿಸುತ್ತಾ, "ನಮ್ ಮೊಮ್ಮಗ್ಳು ಎಸ್ರು ಅಚ್ಚಾಗದೆ ಕಣ್ ಬೆಟ್ಟಮ್ಮ. ಓದವ್ವ, ಜೋರಾಗಿ ಓದು!"

ಹೆಸರು ಓದಿದೆ. ಅಜ್ಜಿ ಸೆರಗಲ್ಲಿ ಕಣ್ಣು ಒರೆಸಿಕೊಂಡಿತು. ಕೆಳಗಿನ ಸಾಲು ಇಂಗ್ಲಿಷು. ಅರ್ಥ ಇಷ್ಟೇ: ಊರಿನವರ ಕಾಟ ತಾಳಲಾರದೆ ಕೊಕ್ಕರೆಗಳು ಗೂಡು ಬಿಟ್ಟು ಹೋಗಿವೆ. ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ.

"ಯಾಕವ್ವ ನಿಲ್ಲುಸ್ಬುಟ್ಟೆ? ನಮ್ ಎಣ್ಮಕ್ಳು ಇಚಾರ ಏನ್ ಬರ್ದಿದೀಯ?"

ರಿಪೋರ್ಟ್ ಮುಚ್ಚಿದೆ. "ಅಜ್ಜಿ, ನಾನು ಒಂದು ಗೂಡನ್ನೂ ಎಣಿಸಲೇ ಇಲ್ಲ—"