ನೋವಿಗೆ ನಂಬರು ಕೇಳುವವರಿಗೆ

ಹೆರಿಗೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಆಸ್ಪತ್ರೆಗೆ ಬಂದ ನನ್ನ ಪಕ್ಕದ ಮನೆಯ ಚೆಲಿಮೊ ತನ್ನ ನೋವಿಗೆ ಹತ್ತರಲ್ಲಿ ಮೂರು ಅಂಕ ಕೊಟ್ಟಳು. ನೀವು ಅದನ್ನು ನಂಬಿ ಅವಳನ್ನು ಮನೆಗೆ ಕಳಿಸಿದಿರಿ. ಮಗು ಹೊಟ್ಟೆಯಲ್ಲೇ ಸತ್ತಿತು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಮ್ಮೆ ಬರೆದು ಕಳಿಸಿದ್ದೆ. 'ನಿಮ್ಮ ಅನಿಸಿಕೆಗೆ ಧನ್ಯವಾದ' ಎಂಬ ಉತ್ತರ ಬಂತು. ಅನಿಸಿಕೆಯಂತೆ. ಹೋಟೆಲಿನ ಸಾಂಬಾರಿಗೆ ಉಪ್ಪು ಕಡಿಮೆ ಎಂದು ನಾನೇನಾದರೂ ಬರೆದಿದ್ದೆನೇ? ನೀವು ರೋಗಿಗಳನ್ನು ಕಾಯಿಸುವ ಕೋಣೆಯಲ್ಲಿ 'ನಿಮ್ಮ ಭಾಷೆಯಲ್ಲೇ ಹೇಳಿ, ನಾವು ಕೇಳುತ್ತೇವೆ' ಎಂಬ ಫಲಕವಿದೆ, ಅದರಲ್ಲಿ ಕನ್ನಡವೂ ಇದೆ. ಆದ್ದರಿಂದ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನನ್ನ ಭಾಷೆಯಲ್ಲೇ ಹೇಳುತ್ತಿದ್ದೇನೆ. ಅನುವಾದ ಮಾಡಿಸಿಕೊಳ್ಳಿ.

ಚೆಲಿಮೊ ಕೀನ್ಯಾದ ಎಲ್ಡೊರೆಟ್ ಕಡೆಯವಳು. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಬೇಲಿ. ವೃದ್ಧಾಶ್ರಮವೊಂದರಲ್ಲಿ ಈ ದೇಶದ ಮುದುಕರನ್ನು ಎತ್ತಿ ಕೂರಿಸುವುದು ಅವಳ ಕೆಲಸ. ಗಂಡ ಕಿಬೆಟ್ ಸಿಡ್ನಿಗೆ ಟ್ರಕ್ ಓಡಿಸುತ್ತಾನೆ. ಅವನು ಸಿಡ್ನಿಯಲ್ಲಿದ್ದ ದಿನವೇ ಈ ತುಂಬು ಬಸುರಿ ಬೇಲಿಯ ಆಚೆ ನಿಂತು, "ಸಂಯುಕ್ತಾ, ಸ್ವಲ್ಪ ಡ್ರೈವ್ ಮಾಡ್ತೀಯಾ? ಹೊಟ್ಟೆ ಯಾಕೋ ಸರಿ ಇಲ್ಲ" ಎಂದಳು. ಕಾರಿನಲ್ಲಿ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮುಟ್ಟಿ ನೋಡಿದೆ, ಹೊಟ್ಟೆ ಕಲ್ಲಾಗಿತ್ತು.

ನಿಮ್ಮ ನರ್ಸು ನಗುನಗುತ್ತಲೇ ಕೇಳಿದರು, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು. ಚೆಲಿಮೊ ನನ್ನನ್ನು ನೋಡಿ, ನೆಲ ನೋಡಿ, "ಮೂರು" ಎಂದಳು. "ಇವಳು ಹೀಗೆ ಇರೋಳಲ್ಲ, ಪ್ಲೀಸ್, ಒಂದ್ಸಲ ಹೊಟ್ಟೆ ಮುಟ್ಟಿ ನೋಡಿ" ಎಂದೆ ನಾನು. "ಜೋರು ನೋವಿದ್ದರೆ ಅವರೇ ಹೇಳ್ತಾರೆ, ಮುಖವೇನೂ ಬಿಳಿಚಿಕೊಂಡಿಲ್ಲ" ಎಂಬ ಉತ್ತರ ಬಂತು. ಸ್ವಾಮಿ, ಕಪ್ಪು ಮೈಬಣ್ಣದ ಹೆಣ್ಣು ನಿಮ್ಮ ಕಣ್ಣಿಗೆ ಕಾಣುವಷ್ಟು ಬಿಳಿಚಿಕೊಳ್ಳಬೇಕಾದರೆ ಮೈಯಿಂದ ಎಷ್ಟು ರಕ್ತ ಹೋಗಬೇಕು? ರೆಪ್ಪೆಯ ಒಳಗೆ, ನಾಲಗೆಯ ಮೇಲೆ ನೋಡಬೇಕೆಂದು ನಿಮಗೆ ಯಾರೂ ಕಲಿಸಲಿಲ್ಲವೇ? ಪ್ಯಾರಾಸಿಟಮಾಲ್ ಕೊಟ್ಟು, ಹೆಚ್ಚಾದರೆ ಬನ್ನಿ ಎಂದಿರಿ. ಮನೆಯ ಬಾಗಿಲಲ್ಲೇ ಅವಳು ಕುಸಿದಳು. ಗರ್ಭದಲ್ಲಿ ಮಾಸು ಕಳಚಿಕೊಂಡು ಒಳಗೊಳಗೇ ರಕ್ತ ಸುರಿದಿತ್ತು ಎಂದು ಆಮೇಲೆ ನಿಮ್ಮ ಡಾಕ್ಟರೇ ಹೇಳಿದರು. ಕಿಬೆಟ್ ಸಿಡ್ನಿಯಿಂದ ಬಂದು ನೋಡಿದ್ದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮಗಳನ್ನು.

ಅದೇ ವಾರ್ಡಿನಲ್ಲಿ ನಾನೂ ಹೆತ್ತಿದ್ದೇನೆ. ನಾಲ್ಕು ಕೋಣೆಗೆ ಕೇಳುವಂತೆ "ಟೆನ್, ಟೆನ್" ಎಂದು ಅರಚಿದೆ. ಡಾಕ್ಟರು ಓಡಿ ಬಂದರು. ನನಗಿದ್ದದ್ದು ಎಲ್ಲರಿಗೂ ಬರುವ ಹೆರಿಗೆ ನೋವು, ಅಷ್ಟೇ. ನಿಮ್ಮಲ್ಲಿ ಬದುಕುಳಿಯಲು ದೊಡ್ಡ ಗಂಟಲು ಬೇಕು ಎಂಬ ನಿಯಮವಿದ್ದರೆ ಅದನ್ನೂ ಎಲ್ಲ ಭಾಷೆಗಳಲ್ಲಿ ಬರೆದು ತೂಗುಹಾಕಿ. ಚೆಲಿಮೊಳ ಮನೆತನದಲ್ಲಿ ಹೆರುವ ಹೆಣ್ಣು ಕೂಗಬಾರದು. ಅಜ್ಜಿ, ತಾಯಿ ಎಲ್ಲರೂ ತುಟಿ ಕಚ್ಚಿ ಹೆತ್ತವರು. ಕೂಗಿದವಳನ್ನು ಊರು ಆಡಿಕೊಳ್ಳುತ್ತದೆ. "ಗುರುತಿಲ್ಲದವರ ಮುಂದೆ ಹತ್ತು ಅಂತ ಹೇಗೆ ಹೇಳ್ಲಿ, ನಾಚಿಕೆ ಆಗಲ್ವಾ?" ಎಂದು ನನ್ನನ್ನೇ ಕೇಳಿದಳು. ಮಗುವನ್ನು ಮಣ್ಣು ಮಾಡಿದ ದಿನ ಅವರ ಕಡೆಯ ಹೆಂಗಸರು ಸಿಡ್ನಿಯಿಂದಲೂ ಬಂದಿದ್ದರು. ಚಹಾ ಹಿಡಿದು ಕೂತು ಒಬ್ಬೊಬ್ಬರೇ ಬಾಯಿಬಿಟ್ಟರು. ಎರಡು ಎಂದು ಹೇಳಿ ಮನೆಗೆ ವಾಪಸಾದವರಿದ್ದರು, ನಾಲ್ಕು ಎಂದು ಹೇಳಿ ಗರ್ಭಕೋಶ ಕಳೆದುಕೊಂಡವರಿದ್ದರು. ಆ ಕೋಣೆಯಲ್ಲಿ ಐದು ದಾಟಿದ ಹೆಂಗಸು ಒಬ್ಬಳೂ ಇರಲಿಲ್ಲ.

ಚೆಲಿಮೊ ಈಗ ಮತ್ತೆ ಬಸುರಿ, ದಿನ ಹತ್ತಿರ ಬಂದಿದೆ. ನಮ್ಮ ಸಬರ್ಬ್‌ಗೆ ನಿಮ್ಮ ಆಸ್ಪತ್ರೆಯೇ ಗತಿ. ಹಾಗಾಗಿ ಗ್ಯಾರೇಜಿನ ಬಾಗಿಲು ಹಾಕಿಕೊಂಡು ನಾವು ಅವಳಿಗೆ ಅರಚುವುದನ್ನು ಕಲಿಸುತ್ತಿದ್ದೇವೆ. ತಮಾಷೆಯಲ್ಲ. ಹಾವೇರಿಯಿಂದ ಬಂದಿರುವ ನನ್ನ ಅತ್ತೆ ಅನ್ನಪೂರ್ಣವ್ವನೇ ಗುರು. "ಒದರವಾ ತಂಗಿ, ಹೊಟ್ಟಿ ಮ್ಯಾಲ ಕೈ ಇಟ್ಕೊಂಡು ಒದರು. ಇಲ್ಲೆ ಯಾರ್ ಅದಾರ ನಿನ್ನ ನೋಡಾಕ" ಎನ್ನುತ್ತಾರೆ. ಕನ್ನಡ ಬಾರದಿದ್ದರೂ ಚೆಲಿಮೊಗೆ ಅರ್ಥವಾಗುತ್ತದೆ. ಬಾಯಿ ತೆರೆಯುತ್ತಾಳೆ, ಸದ್ದು ಬರುವುದಿಲ್ಲ. ಮೊನ್ನೆ ಸಣ್ಣದೊಂದು ದನಿ ಹೊರಟಿತು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು "ಸಾರಿ" ಎಂದಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಬಂದವಳ ಬಾಯಿಂದ ಬರುವ ಅಂಕವನ್ನೇ ನಂಬಿ ಕೂರಬೇಡಿ. ಹೊಟ್ಟೆಯ ಮೇಲೆ ಕೈ ಇಡಿ, ರೆಪ್ಪೆ ಬಿಡಿಸಿ ನೋಡಿ, ಜೊತೆಗೆ ಬಂದವರ ಮಾತಿಗೆ ಬೆಲೆ ಕೊಡಿ, ಮಗುವಿನ ಎದೆಬಡಿತ ಕೇಳದೆ ಯಾರನ್ನೂ ಮನೆಗೆ ಕಳಿಸಬೇಡಿ. ಹೀಗೆಂದು ನಿಮ್ಮ ಸಿಬ್ಬಂದಿಗೆ ಲಿಖಿತ ಆದೇಶ ಹೊರಡಿಸಿ, ಚೆಲಿಮೊಳ ಹೆರಿಗೆಗೆ ಮುಂಚೆ. ಯಾಕೆಂದರೆ ನಾವು ಎಷ್ಟೇ ಪಾಠ ಮಾಡಿದರೂ ಅವಳು ಈ ಸಲವೂ ಕೂಗುವುದಿಲ್ಲ. ಅದು ನನಗೆ ಗೊತ್ತು. ಇವತ್ತಿನಿಂದ ನಿಮಗೂ ಗೊತ್ತು.

ಇಂತಿ,
ಕಾರಿನ ಕೀಲಿಕೈ ದಿಂಬಿನ ಕೆಳಗಿಟ್ಟುಕೊಂಡು ಮಲಗುವ ನೆರೆಯವಳು,
ಸಂಯುಕ್ತಾ
ಕ್ಲೈಡ್ ನಾರ್ತ್, ಮೆಲ್ಬರ್ನ್