ಗೇಟಿಗೆ ಎರಡನೇ ಬೀಗ

ಗುರುವಾರ, ಫೆಬ್ರವರಿ ೧೩, ೨೦೨೫

ನಾಳೆಯಿಂದ ನಮ್ಮ ಆಸ್ಪತ್ರೆಯ ಗೇಟಿಗೆ ಇನ್ನೊಂದು ಬೀಗ. ಇದಕ್ಕೆ ಸುಧಾರಣೆ ಎಂದು ಹೆಸರಿಟ್ಟಿದ್ದಾರೆ.

ಪೇಷೆಂಟ್ ಯಶೋಧರಾ ಓಡಿಹೋದಳಂತೆ, ಅದಕ್ಕೆ. ಅವಳು ಓಡಿಹೋಗಿರಲಿಲ್ಲ. ನಮ್ಮ ಮಾನಸಿಕ ವಾರ್ಡಿನಲ್ಲಿ ಹುಷಾರಾಗುತ್ತಿರುವವರು ಸ್ವಂತ ಬಟ್ಟೆ ಉಟ್ಟು, ಸಂಜೆ ಚಾಮರಾಜಪೇಟೆಯಲ್ಲಿ ಒಂದು ಸುತ್ತು ಹೋಗಿಬರುವುದು ರೂಢಿ. ಅವಳೂ ಹೋದಳು, ಮಲ್ಲಿಗೆ ಮುಡಿದು ತಡವಾಗಿ ವಾಪಸ್ಸೂ ಬಂದಳು. ಹೊಸ ವಾಚ್‌ಮನ್ ಅವಳ ಒಳ್ಳೆಯ ಸೀರೆ ನೋಡಿ, ಯಾರನ್ನೋ ನೋಡಲು ಬಂದವಳೆಂದುಕೊಂಡ. "ಟೈಮ್ ಮುಗೀತಮ್ಮ, ನಾಳೆ ಬನ್ನಿ" ಎಂದು ಕಳಿಸಿಬಿಟ್ಟ. ಬೆಳಿಗ್ಗೆ ಓಕಳಿಪುರಂ ರೈಲು ಹಳಿಗಳ ಹತ್ತಿರ ಸಿಕ್ಕಿದಳು. ಜೀವ ಇರಲಿಲ್ಲ.

ತಾನು ಪೇಷೆಂಟ್ ಎಂದು ಬೀದಿಯಲ್ಲಿ ನಿಂತು ಹೇಳಲು ನಾಚಿಕೆಯಾಗಿರಬೇಕು. ನನಗಾದರೂ ಆಗುತ್ತಿತ್ತು.

ಇವತ್ತಿನ ಮೀಟಿಂಗಿನಲ್ಲಿ, ಸಂಜೆ ಗೇಟಿನ ಬಳಿ ನರ್ಸೊಬ್ಬಳು ಕೂರಲಿ, ನಮಗೆ ಎಲ್ಲರ ಮುಖ ಗೊತ್ತು ಎಂದೆ. "ಮತ್ತೆ ಏನಾದ್ರೂ ಆದ್ರೆ ನೀವು ಜವಾಬ್ದಾರಿ ತಗೋತೀರಾ ಸಿಸ್ಟರ್?" ಎಂದರು ದೊಡ್ಡ ಡಾಕ್ಟರ್. ಬಾಯಿ ಮುಚ್ಚಿಕೊಂಡೆ. ಹಾಳಾದ ಬಾಯಿ. ಸಂಜೆಯ ಸುತ್ತಾಟ ಬಂದ್, ಸ್ವಂತ ಬಟ್ಟೆ ಬಂದ್. ಎಲ್ಲರಿಗೂ ಹಸಿರು ಗೌನು.

ಅವಳ ತಾಯಿ ನಾರಾಯಣಮ್ಮನವರನ್ನೂ ಕರೆಸಿದ್ದರು. ಹೊರಡುವಾಗ ವಾಚ್‌ಮನ್ ಅವರನ್ನು ಹೊರಗೆ ಬಿಡಲಿಲ್ಲ. "ಇವರು ಪೇಷೆಂಟ್ ಅಲ್ಲ, ಬಿಡಪ್ಪ" ಎಂದು ನಾನೇ ಹೋಗಿ ಹೇಳಬೇಕಾಯಿತು.

ಅವರು ಗೇಟಿನ ಕಂಬಿ ಹಿಡಿದು ನಿಂತರು. "ಅವತ್ತು ನನ್ನ ಮಗಳು ಪೇಷೆಂಟು ಅಂತ ಹೇಳೋಕೂ ಹೀಗೆ ಒಬ್ರು ಬಂದಿದ್ರೆ ಸಾಕಿತ್ತು, ಅಲ್ವೇನಮ್ಮ?"

ಬೆಳಿಗ್ಗೆ ಬೇಗ ಡ್ಯೂಟಿ. ನಾನು ಒಳಗೆ ಹೋದ ಮೇಲೆ ಎರಡೂ ಬೀಗ ಹಾಕುತ್ತಾರೆ. ಆಮೇಲೆ ಯಾರಾದರೂ ಹೊರಗಿನಿಂದ ತಟ್ಟಿದರೆ, ಮುಖ ನೋಡಿ ಗುರುತು ಹಿಡಿಯುವವರು ಗೇಟಿನ ಬಳಿ ಯಾರೂ ಇರುವುದಿಲ್ಲ.